ಚಿಗರಿ ನಿಂತ ದಿನ ಏನು ಓಡಬೇಕು?

ಮೆಟ್ರೊ ಕೆಟ್ಟು ನಿಂತ ದಿನ ಹೊರಬೀಳುವ ಪ್ರಕಟಣೆಯಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: ‘ಪ್ರಯಾಣಿಕರ ಅನುಕೂಲಕ್ಕಾಗಿ ಬದಲಿ ಬಸ್‌ಗಳ ವ್ಯವಸ್ಥೆ ಮಾಡಲಾಗಿದೆ.’ ಊರು ಯಾವುದೇ ಆಗಲಿ, ಭಾಷೆ ಯಾವುದೇ ಆಗಲಿ, ಸಾಲು ಮಾತ್ರ ಇದೇ. ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ ನಿಂತ ದಿನ ಏನು ಓಡಬೇಕು ಎಂದು ಯೋಚಿಸುವವರೂ ಇದನ್ನು ನಂಬುವ ಮೊದಲು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಆರು ಬೋಗಿಗಳ ಮೆಟ್ರೊ ರೈಲಿನಲ್ಲಿ ದಟ್ಟಣೆಯ ಹೊತ್ತಿಗೆ ಒಂದೂವರೆ ಸಾವಿರ ಜನ ಇರುತ್ತಾರೆ ಎಂದಿಟ್ಟುಕೊಳ್ಳೋಣ. ಐದು ನಿಮಿಷಕ್ಕೊಂದು ರೈಲು ಎಂದರೆ ಗಂಟೆಗೆ 12 ರೈಲು, ಒಂದು ದಿಕ್ಕಿಗೆ 18,000 ಜನ. ನಗರ ಸಾರಿಗೆ ಬಸ್ಸೊಂದರಲ್ಲಿ ನಿಂತವರನ್ನೂ ಸೇರಿಸಿ 75 ಜನ ಹಿಡಿದರೆ ಹೆಚ್ಚು. ಹಾಗಾದರೆ ಗಂಟೆಗೆ 240 ಬಸ್ ಬೇಕು, ಅಂದರೆ 15 ಸೆಕೆಂಡಿಗೊಂದು ಬಸ್ ಹೊರಡಬೇಕು. ಒಂದು ಬಸ್ ತುಂಬಲು ಎರಡೂವರೆ ನಿಮಿಷ ಹಿಡಿಯುತ್ತದೆ ಎಂದರೂ ಏಕಕಾಲಕ್ಕೆ ಹತ್ತು ಬಸ್‌ಗಳು ನಿಲ್ಲುವಷ್ಟು ಜಾಗ ನಿಲ್ದಾಣದ ಎದುರಿಗೆ ಇರಬೇಕು. ಹೋದ ಬಸ್ ತಿರುಗಿ ಬರಲು ಒಂದೂವರೆ ಗಂಟೆ ಆಗುವುದಾದರೆ ಒಟ್ಟು 360 ಬಸ್, ಅವಕ್ಕೆ 360 ಚಾಲಕರು. ಬೆಂಗಳೂರಿನ ಬಿಎಂಟಿಸಿ ಬಳಿ ಆರು ಸಾವಿರಕ್ಕೂ ಹೆಚ್ಚು ಬಸ್‌ಗಳಿವೆ, ನಿಜ. ಆದರೆ ಬೆಳಿಗ್ಗೆ ಒಂಬತ್ತೂವರೆಗೆ ಅವುಗಳಲ್ಲಿ ಎಷ್ಟು ಕೆಲಸವಿಲ್ಲದೆ ನಿಂತಿರುತ್ತವೆ? ಬದಲಿ ಬಸ್ ಎಂದರೆ ಬಹುಮಟ್ಟಿಗೆ ಇನ್ನೊಂದು ಮಾರ್ಗದ ಪ್ರಯಾಣಿಕರಿಂದ ಕಿತ್ತು ತಂದ ಬಸ್.

ಹಾಗೆಂದು ಬದಲಿ ಬಸ್ ನಿಷ್ಪ್ರಯೋಜಕವಲ್ಲ. ಎಷ್ಟು ಮೊದಲು ಗೊತ್ತಿತ್ತು ಎನ್ನುವುದರ ಮೇಲೆ ಅದರ ಪ್ರಯೋಜನ ನಿಂತಿದೆ. 2018ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಟ್ರಿನಿಟಿ ನಿಲ್ದಾಣದ ಬಳಿ ಮೆಟ್ರೊ ಕಂಬದ ಮೇಲ್ಭಾಗದಲ್ಲಿ ದೋಷ ಕಂಡುಬಂದಾಗ, ಎಂ.ಜಿ. ರಸ್ತೆ ಮತ್ತು ಇಂದಿರಾನಗರದ ನಡುವೆ ಸಂಚಾರ ನಿಲ್ಲಿಸಲು ವಾರಾಂತ್ಯವನ್ನೇ ಆರಿಸಿಕೊಂಡರು. ದಿನಾಂಕ ಮೊದಲೇ ಪ್ರಕಟವಾಗಿತ್ತು, ನಿಂತ ಭಾಗ ಚಿಕ್ಕದಾಗಿತ್ತು, ಬಸ್ ಸಿದ್ಧವಿದ್ದವು. 2023ರ ಅಕ್ಟೋಬರ್ 3ರಂದು ರಾಜಾಜಿನಗರದ ಬಳಿ ದುರಸ್ತಿ ವಾಹನವೊಂದು ಹಳಿ ತಪ್ಪಿ ಹಸಿರು ಮಾರ್ಗಕ್ಕೆ ಅಡ್ಡ ನಿಂತದ್ದು ಕೆಲಸದ ದಿನದ ಬೆಳಿಗ್ಗೆ. ಆ ದಿನ ಉಳಿದ ಒಂದೇ ಹಳಿಯಲ್ಲಿ ಎರಡೂ ದಿಕ್ಕಿನ ರೈಲುಗಳನ್ನು ಸರದಿಯಲ್ಲಿ ಓಡಿಸಬೇಕಾಯಿತು. ಮೊದಲಿನದು ಯೋಜಿತ ನಿಲುಗಡೆ, ಎರಡನೆಯದು ಅನಿರೀಕ್ಷಿತ. ಸಾರಿಗೆಯವರು ಈ ಎರಡನ್ನೂ ‘ವ್ಯತ್ಯಯ’ ಎಂಬ ಒಂದೇ ಪದದಲ್ಲಿ ಮುಗಿಸುತ್ತಾರೆ. ಬೇಕಾದ ಸಿದ್ಧತೆ ಮಾತ್ರ ಪೂರ್ತಿ ಬೇರೆ.

ಸುರಂಗವಿಲ್ಲದ ಊರಿಗೆ ಈ ಲೆಕ್ಕ ಏಕೆ?

ಹುಬ್ಬಳ್ಳಿ–ಧಾರವಾಡದಲ್ಲಿ ಮೆಟ್ರೊ ಇಲ್ಲ. ಆದರೆ ಮೆಟ್ರೊದ ಗುಣ ಇರುವ ಒಂದು ವ್ಯವಸ್ಥೆ ಇದೆ. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡಲು ಆರಂಭಿಸಿ, 2020ರ ಫೆಬ್ರುವರಿ 2ರಂದು ಉಪರಾಷ್ಟ್ರಪತಿಯಾಗಿದ್ದ ಎಂ. ವೆಂಕಯ್ಯ ನಾಯ್ಡು ಅವರಿಂದ ಅಧಿಕೃತ ಚಾಲನೆ ಪಡೆದ ಬಿಆರ್‌ಟಿಎಸ್ (ಬಸ್‌ಗೇ ಮೀಸಲಾದ ಪಥದ ತ್ವರಿತ ಸಾರಿಗೆ), ಅಂದರೆ ನಮ್ಮ ಚಿಗರಿ. ಸುಮಾರು 22 ಕಿಲೋಮೀಟರ್ ಉದ್ದದ ಪಥ, ರಸ್ತೆಯ ನಡುವೆ ನಿಲ್ದಾಣ, ಹತ್ತುವ ಮೊದಲೇ ಟಿಕೆಟ್, ನಿಲ್ದಾಣದ ಕಟ್ಟೆಯ ಮಟ್ಟಕ್ಕೇ ಬಸ್ಸಿನ ಬಾಗಿಲು. ಉಳಿದ ವಾಹನಗಳ ಜೊತೆ ಬೆರೆಯದೆ ಓಡುವುದರಿಂದಲೇ ಅದಕ್ಕೆ ವೇಗ.

ತೊಂದರೆಯೂ ಅಲ್ಲಿಯೇ ಇದೆ. ಬೆರೆಯದಿರುವ ವ್ಯವಸ್ಥೆಗೆ ಕಷ್ಟ ಬಂದಾಗ ಬೇರೆಯವರು ಸುಲಭವಾಗಿ ನೆರವಾಗಲಾರರು. ಸಾಮಾನ್ಯ ನಗರ ಸಾರಿಗೆ ಬಸ್ಸಿನ ಬಾಗಿಲು ಎಡಗಡೆ ಇರುತ್ತದೆ, ಚಿಗರಿ ನಿಲ್ದಾಣ ಬಸ್ಸಿನ ಬಲಕ್ಕೆ ಬರುತ್ತದೆ. ವಿದ್ಯಾನಗರದ ಚಿಗರಿ ನಿಲ್ದಾಣದಲ್ಲಿ ನೂರು ಜನ ಕಾಯುತ್ತಿದ್ದರೂ ಪಕ್ಕದಲ್ಲೇ ಹಾದುಹೋಗುವ ಖಾಲಿ ಸಾಮಾನ್ಯ ಬಸ್ ಅವರನ್ನು ಅಲ್ಲಿಂದ ಹತ್ತಿಸಿಕೊಳ್ಳುವಂತಿಲ್ಲ. ಅವರು ರಸ್ತೆ ದಾಟಿ ಬದಿಗೆ ಬರಬೇಕು, ಕೊಂಡ ಟಿಕೆಟ್ ಅಲ್ಲಿಗೇ ವ್ಯರ್ಥ. ಪಥದಲ್ಲಿ ಒಂದು ಬಸ್ ಕೆಟ್ಟು ನಿಂತರೆ ಏನಾಗುತ್ತದೆ ಎನ್ನುವುದು ಅದು ಎಲ್ಲಿ ನಿಂತಿತು ಎನ್ನುವುದಕ್ಕೆ ಬಿಟ್ಟ ವಿಷಯ. ನಿಲ್ದಾಣಗಳಲ್ಲಿ ಒಂದು ಬಸ್ಸನ್ನು ಇನ್ನೊಂದು ದಾಟಿಹೋಗಲು ಹೆಚ್ಚುವರಿ ಪಥ ಇರುತ್ತದೆ. ತಡೆರಹಿತ ಬಸ್‌ಗಳು ಓಡುವುದೇ ಅದರಿಂದ. ಎರಡು ನಿಲ್ದಾಣಗಳ ನಡುವೆ, ಕಂಬಿಬೇಲಿಯ ಒಳಗೆ ನಿಂತರೆ ಹಿಂದಿನವುಗಳೂ ಸಾಲಾಗಿ ನಿಲ್ಲಬೇಕಾಗುತ್ತದೆ.

ನ್ಯೂಯಾರ್ಕ್‌ನ ಸುರಂಗ ರೈಲಿನಲ್ಲಿ ಈ ವ್ಯತ್ಯಾಸವನ್ನು ದೊಡ್ಡ ಅಳತೆಯಲ್ಲಿ ಕಾಣಬಹುದು. ಅಲ್ಲಿನ ಹಲವು ಮುಖ್ಯ ಮಾರ್ಗಗಳಿಗೆ ನಾಲ್ಕು ಹಳಿ: ಎರಡರಲ್ಲಿ ಎಲ್ಲ ಕಡೆ ನಿಲ್ಲುವ ರೈಲು, ಎರಡರಲ್ಲಿ ವೇಗದ ರೈಲು. ಒಂದು ಹಳಿಯಲ್ಲಿ ತೊಂದರೆಯಾದರೆ ರೈಲನ್ನು ಪಕ್ಕದ ಹಳಿಗೆ ದಾಟಿಸುತ್ತಾರೆ. ಆದರೆ ‘ಎಲ್’ ಮಾರ್ಗ ನದಿಯ ಕೆಳಗೆ ಎರಡೇ ಹಳಿಯಲ್ಲಿ ಹೋಗುತ್ತದೆ. 2012ರ ಅಕ್ಟೋಬರ್‌ನ ಸ್ಯಾಂಡಿ ಚಂಡಮಾರುತದಲ್ಲಿ ಆ ಸುರಂಗಕ್ಕೆ ಉಪ್ಪುನೀರು ನುಗ್ಗಿ ಕೇಬಲ್ಲು, ಗೋಡೆ ಎಲ್ಲ ಹಾಳಾದವು. ದುರಸ್ತಿಗಾಗಿ 2019ರ ಏಪ್ರಿಲ್‌ನಿಂದ ಸುರಂಗವನ್ನು 15 ತಿಂಗಳು ಪೂರ್ತಿ ಮುಚ್ಚುವುದೆಂದು ತೀರ್ಮಾನವಾಯಿತು. ದಿನಕ್ಕೆ ಸುಮಾರು 2.25 ಲಕ್ಷ ಜನ ದಾಟುತ್ತಿದ್ದ ಸುರಂಗ ಅದು. ಅವರನ್ನು ಸಾಗಿಸಲು ಹಾಕಿದ ಯೋಜನೆ ಗಮನಿಸುವಂಥದ್ದು. ಬಸ್ಸು, ದೋಣಿ ಎಲ್ಲವೂ ಇದ್ದವು. ಆದರೆ ಬಹುಪಾಲು ಜನ ಬೇರೆ ಸುರಂಗ ಮಾರ್ಗಗಳಿಗೇ ಹೋಗುತ್ತಾರೆ ಎಂದು ಲೆಕ್ಕ ಹಾಕಿ, ಆ ಮಾರ್ಗಗಳಲ್ಲಿ ರೈಲುಗಳನ್ನು ಹೆಚ್ಚಿಸಲು, ಉದ್ದ ಮಾಡಲು ಸಿದ್ಧತೆ ನಡೆಸಿದರು. ರೈಲಿನ ಜನಕ್ಕೆ ರೈಲೇ ಬದಲಿ ಎನ್ನುವುದನ್ನು ಅವರು ತಿಳಿದಿದ್ದರು. ಕೊನೆಗೆ 2019ರ ಜನವರಿಯಲ್ಲಿ ಪೂರ್ತಿ ಮುಚ್ಚುವ ಯೋಚನೆಯನ್ನೇ ಕೈಬಿಟ್ಟು, ರಾತ್ರಿ ಮತ್ತು ವಾರಾಂತ್ಯಗಳಲ್ಲಿ ಕೆಲಸ ಮಾಡುವ ಬೇರೆ ವಿಧಾನ ಹಿಡಿದರು. ವರ್ಷಗಟ್ಟಲೆ ತಯಾರಿ ನಡೆಸಿದ ಮೇಲೆ ಹೀಗೆ ಮಾಡಿದ್ದಕ್ಕೆ ಟೀಕೆ ಬಂತು. ಪ್ರಯಾಣಿಕರಿಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಬಸ್ ಕೆಡದೆಯೇ ಬಸ್ ಕಡಿಮೆಯಾಗುವುದು

ಬದಲಿ ಸಾಮರ್ಥ್ಯದ ಮಾತು ಬಂದಾಗ ಎಲ್ಲರ ಕಣ್ಣು ಡಿಪೋ ಕಡೆಗೆ ಹೋಗುತ್ತದೆ. ಹೆಚ್ಚುವರಿ ಬಸ್ ಎಷ್ಟಿವೆ ಎನ್ನುವುದು ಮೊದಲ ಪ್ರಶ್ನೆ. ಸಾರಿಗೆ ಸಂಸ್ಥೆಗಳು ಸಾಮಾನ್ಯವಾಗಿ ಒಂದಷ್ಟು ಬಸ್‌ಗಳನ್ನು ಕೈಯಲ್ಲಿ ಇಟ್ಟುಕೊಳ್ಳುತ್ತವೆ; ಅಮೆರಿಕದಲ್ಲಿ ದೊಡ್ಡ ಸಂಸ್ಥೆಗಳಿಗೆ ದಟ್ಟಣೆ ಹೊತ್ತಿನ ಬಸ್‌ಗಳ ಶೇಕಡಾ 20ರಷ್ಟು ಎಂಬ ಮಿತಿ ಇದೆ. ಆದರೆ ಈ ಬಸ್‌ಗಳು ಆಪತ್ತಿಗೆಂದು ಇಟ್ಟವಲ್ಲ. ಇಂದು ಒಂದರ ಬ್ರೇಕ್ ಕೆಲಸ, ನಾಳೆ ಇನ್ನೊಂದರ ಎಂಜಿನ್ ಕೆಲಸ ನಡೆಯುವಾಗ ಶೆಡ್ಯೂಲ್ ತಪ್ಪದಿರಲಿ ಎಂದು ಇಟ್ಟವು. ಆಪತ್ತಿನ ದಿನ ಅವುಗಳಲ್ಲಿ ಹಲವು ಡಿಪೋದ ದುರಸ್ತಿ ಗುಂಡಿಯ ಮೇಲೇ ಇರುತ್ತವೆ.

ಇದಕ್ಕಿಂತ ಮುಖ್ಯವಾದದ್ದು ಸಮಯ. ಹೆಚ್ಚಿನವರ ಗಮನಕ್ಕೆ ಬಾರದೆ ಹೋಗುವುದೂ ಅದೇ.

ಒಂದು ಲೆಕ್ಕ ನೋಡಿ. ಅಂಕಿಗಳು ವಿವರಣೆಗೆ ಹಿಡಿದವು, ಸಂಸ್ಥೆಯ ದಾಖಲೆಯವಲ್ಲ. ರಸ್ತೆಯ ಮೇಲೆ 80 ಚಿಗರಿ ಬಸ್‌ಗಳಿವೆ, ಹುಬ್ಬಳ್ಳಿಯಿಂದ ಹೊರಟು ಧಾರವಾಡ ಮುಟ್ಟಿ, ಸ್ವಲ್ಪ ತಡೆದು, ಮರಳಿ ಬರಲು ಒಂದು ಬಸ್ಸಿಗೆ ಎರಡು ಗಂಟೆ ಬೇಕು ಎನ್ನೋಣ. ಆಗ ಗಂಟೆಗೆ ಒಂದು ದಿಕ್ಕಿಗೆ 40 ಬಸ್ ಸಿಗುತ್ತವೆ. ಬಸ್ಸಿಗೆ 70 ಜನರಂತೆ 2,800 ಜನ. ಈಗ ಮಳೆಗೆ ಪಥದಲ್ಲಿ ನೀರು ನಿಂತಿತು, ಇಲ್ಲವೆ ಮೆರವಣಿಗೆಯೊಂದು ಅಡ್ಡ ಬಂತು, ಬಸ್‌ಗಳನ್ನು ಉಳಿದ ವಾಹನಗಳ ನಡುವೆ ಬಿಡಬೇಕಾಯಿತು, ಸುತ್ತು ಮೂರು ಗಂಟೆಗೆ ಏರಿತು. ಒಂದು ಬಸ್ಸೂ ಕೆಟ್ಟಿಲ್ಲ, ಒಬ್ಬ ಚಾಲಕನೂ ಗೈರುಹಾಜರಾಗಿಲ್ಲ. ಆದರೂ ಗಂಟೆಗೆ ಸಿಗುವುದು 27 ಬಸ್, ಹತ್ತುವವರು 1,900 ಜನ. ಗಂಟೆಗೆ ಒಂಬೈನೂರು ಜನ ನಿಲ್ದಾಣದಲ್ಲೇ ಉಳಿಯುತ್ತಾರೆ. ಎರಡನೆಯ ಗಂಟೆಗೆ ಉಳಿದವರ ಸಂಖ್ಯೆ ಹದಿನೆಂಟು ನೂರು. ಅಷ್ಟು ಜನ ನುಗ್ಗುವುದರಿಂದ ಪ್ರತಿ ನಿಲ್ದಾಣದಲ್ಲೂ ಬಸ್ ಇನ್ನಷ್ಟು ಹೊತ್ತು ನಿಲ್ಲುತ್ತದೆ, ಸುತ್ತು ಇನ್ನೂ ಉದ್ದವಾಗುತ್ತದೆ.

ಅರ್ಧ ಗಂಟೆ ಮುಚ್ಚಿದ ರಸ್ತೆಯ ಬಿಸಿ ಮಧ್ಯಾಹ್ನದವರೆಗೂ ತಟ್ಟುವುದು ಈ ಕಾರಣಕ್ಕೆ. ‘ಹನ್ನೊಂದು ಗಂಟೆಗೇ ರಸ್ತೆ ತೆರೆದೆವು’ ಎಂದು ಪೊಲೀಸರು ಹೇಳುವುದು ಸತ್ಯ, ‘ಒಂದು ಗಂಟೆಯವರೆಗೂ ಬಸ್ ಸಿಗಲಿಲ್ಲ’ ಎಂದು ಎಸ್‌ಡಿಎಂ ಆಸ್ಪತ್ರೆಗೆ ಹೊರಟಿದ್ದ ರೋಗಿಯ ಮನೆಯವರು ಹೇಳುವುದೂ ಸತ್ಯ. ಬಸ್‌ಗಳೆಲ್ಲ ಒಂದೇ ತುದಿಯಲ್ಲಿ ಗುಂಪುಗೂಡಿರುತ್ತವೆ, ಚಾಲಕರ ಪಾಳಿ ಮುಗಿಯುತ್ತಾ ಬಂದಿರುತ್ತದೆ. ಹರಿದ ದಾರವನ್ನು ಮತ್ತೆ ಹೊಂದಿಸಲು ಕಂಟ್ರೋಲರ್‌ಗೆ ಒಂದೆರಡು ಸುತ್ತು ಬೇಕೇ ಬೇಕು.

ಆದ್ದರಿಂದ ಪಥವನ್ನು ಮುಕ್ತವಾಗಿ ಇಡುವುದೇ ಅತ್ಯಂತ ಅಗ್ಗದ ಬದಲಿ ಸಾಮರ್ಥ್ಯ. ಸುತ್ತಿನಲ್ಲಿ ಇಪ್ಪತ್ತು ನಿಮಿಷ ಉಳಿಸಿದರೆ ಹತ್ತಾರು ಬಸ್ ಹೊಸದಾಗಿ ಕೊಂಡಷ್ಟೇ ಫಲ. ಚಿಗರಿ ಪಥವನ್ನು ಎಲ್ಲ ವಾಹನಗಳಿಗೂ ತೆರೆಯಬೇಕು ಎಂಬ ಕೂಗು ಆಗಾಗ ಏಳುತ್ತದೆ. ಪಕ್ಕದ ಪಥದಲ್ಲಿ ಸಿಕ್ಕಿಬಿದ್ದು ಖಾಲಿ ಬಿಆರ್‌ಟಿಎಸ್ ಪಥವನ್ನು ನೋಡುತ್ತಾ ಕುಳಿತವರ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಪಥ ಖಾಲಿ ಕಾಣುವುದು ಅದು ಚೆನ್ನಾಗಿ ಕೆಲಸ ಮಾಡುತ್ತಿರುವುದರಿಂದ. ಹಿಂದೆ ನಮ್ಮ ಕಡೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ಮಳೆ ಚೆನ್ನಾಗಿ ಆದ ವರ್ಷ ಅದನ್ನು ‘ಸುಮ್ಮನೆ ಕೊಳೆಯುತ್ತಿರುವ ಜೋಳ’ ಎಂದು ಯಾವ ರೈತನೂ ಕರೆದಿರಲಾರ.

ಒಂದೇ ಪೆಟ್ಟಿಗೆ ಎರಡೂ ಬೀಳಬಾರದು

ಬದಲಿ ವ್ಯವಸ್ಥೆಗೆ ಒಂದು ಮೂಲ ನಿಯಮವಿದೆ: ಮೊದಲಿನದನ್ನು ಕೆಡವಿದ ಕಾರಣವೇ ಎರಡನೆಯದನ್ನೂ ಕೆಡವುವಂತಿರಬಾರದು. ಕೇಳಲು ಸರಳ. ಹುಬ್ಬಳ್ಳಿ–ಧಾರವಾಡಕ್ಕೆ ಇದನ್ನು ಹಚ್ಚಿ ನೋಡಿದರೆ ನಮ್ಮ ಬಳಿ ಇದೆ ಎಂದುಕೊಂಡದ್ದರಲ್ಲಿ ಅರ್ಧ ಇಲ್ಲವಾಗುತ್ತದೆ.

ಎರಡು ಊರುಗಳ ನಡುವೆ ಎಷ್ಟು ಸಾಧನಗಳಿವೆ? ಚಿಗರಿ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್, ಬೆಳಗಾವಿ ಕಡೆಗೆ ಹೋಗುವ ದೂರದ ಬಸ್, ಖಾಸಗಿಯವರ ಬೇಂದ್ರೆ ಬಸ್, ಆಟೊ, ಟಂಟಂ, ಸ್ವಂತ ಬೈಕು, ರೈಲು. ಪಟ್ಟಿ ಉದ್ದವಾಗಿಯೇ ಇದೆ. ಆದರೆ ರೈಲೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಹಳೆಯ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯ ಒಂದೇ ಬೆನ್ನೆಲುಬಿನ ಮೇಲೆ ಓಡುತ್ತವೆ. ಟೋಲ್‌ನಾಕಾ ಬಳಿ ಮಳೆನೀರು ಮೊಣಕಾಲಿಗೆ ಬಂದರೆ ಚಿಗರಿಯೂ ನಿಲ್ಲುತ್ತದೆ, ಬೇಂದ್ರೆಯೂ ನಿಲ್ಲುತ್ತದೆ, ಆಟೊದವನು ಬಾಡಿಗೆಯನ್ನು ಎರಡು ಪಟ್ಟು ಮಾಡುತ್ತಾನೆ. ಗಬ್ಬೂರಿನಿಂದ ನರೇಂದ್ರದವರೆಗೆ ಬೈಪಾಸ್ ಇದೆ, ಅದನ್ನು ಅಗಲ ಮಾಡುವ ಕೆಲಸವೂ ನಡೆದಿದೆ. ಆದರೆ ಅದು ಊರನ್ನು ತಪ್ಪಿಸಿ ಹೋಗಲೆಂದೇ ಮಾಡಿದ ರಸ್ತೆ. ಉಣಕಲ್ಲಿನಲ್ಲೋ ನವನಗರದಲ್ಲೋ ಬಸ್ಸಿಗೆ ಕಾಯುವವರಿಗೆ ಅದರಿಂದ ಉಪಯೋಗವಿಲ್ಲ. ತುದಿಯಿಂದ ತುದಿಗೆ ಹೋಗುವವರನ್ನು ಅತ್ತ ಕಳುಹಿಸಿದರೆ ನಡುವಿನವರಿಗೆ ಜಾಗ ಆಗುತ್ತದೆ, ಅಷ್ಟೇ.

ಮುಷ್ಕರದ ದಿನ ಚಿತ್ರ ತಿರುಗುಮುರುಗಾಗುತ್ತದೆ. 2021ರ ಏಪ್ರಿಲ್‌ನಲ್ಲಿ ಆರನೇ ವೇತನ ಆಯೋಗದ ಬೇಡಿಕೆ ಇಟ್ಟು ಸಾರಿಗೆ ನೌಕರರು ಎರಡು ವಾರ ಬಸ್ ಬಿಡಲಿಲ್ಲ. ರಸ್ತೆ ತೆರೆದೇ ಇತ್ತು, ಡಿಪೋ ತುಂಬ ಬಸ್‌ಗಳಿದ್ದವು, ಓಡಿಸುವವರಿರಲಿಲ್ಲ. ಚಿಗರಿ ಓಡಿಸುವುದೂ ಅದೇ ಸಂಸ್ಥೆಯ ಚಾಲಕರು. ಸಾಮಾನ್ಯ ಬಸ್ ಚಿಗರಿಗೆ ಬದಲಿ ಎನ್ನುವ ಮಾತಿಗೆ ಅಂಥ ದಿನ ಅರ್ಥವಿಲ್ಲ. ಆಗ ರಾಜ್ಯದಾದ್ಯಂತ ಖಾಸಗಿ ಬಸ್, ಮ್ಯಾಕ್ಸಿಕ್ಯಾಬ್‌ಗಳನ್ನು ಸರ್ಕಾರಿ ಬಸ್ ನಿಲ್ದಾಣಗಳ ಒಳಗೇ ಬಿಟ್ಟುಕೊಳ್ಳಬೇಕಾಯಿತು. ಗದಗ, ಹಾವೇರಿ ಕಡೆಯವರಿಗಂತೂ ರೈಲು ಸಿಕ್ಕಿದ್ದೇ ಪುಣ್ಯ ಎನ್ನುವ ದಿನಗಳು ಅವು.

ಅಂದರೆ ರಸ್ತೆ ಕಟ್ಟಿದಾಗ ಬದಲಿ ರೈಲು, ಮುಷ್ಕರವಾದಾಗ ಬದಲಿ ಖಾಸಗಿ ಬಸ್ ಮತ್ತು ರೈಲು, ಪಥದೊಳಗಿನ ಚಿಕ್ಕ ಅಡ್ಡಿಗೆ ಬದಲಿ ಪಕ್ಕದ ರಸ್ತೆ. ಬಂದ್ ದಿನಕ್ಕೆ ಬದಲಿ ಇಲ್ಲ. ಅಂದು ಹೊರಗೆ ಹೊರಟವರು ನಡೆಯಬೇಕು. ಎಲ್ಲ ಬಗೆಯ ಅಡ್ಡಿಗೂ ಒಂದೇ ಉತ್ತರ ಹುಡುಕುವ ಯೋಜನೆ ಎಲ್ಲಕ್ಕೂ ಸೋಲುತ್ತದೆ.

ಬೇರೆ ಬಗೆಯ ಬದಲಿಯ ಬೆಲೆ ಗೊತ್ತಾಗಬೇಕಾದರೆ ಸ್ಯಾನ್ ಫ್ರಾನ್ಸಿಸ್ಕೊ ನೆನೆಯಬೇಕು. 1989ರ ಅಕ್ಟೋಬರ್ 17ರ ಭೂಕಂಪದಲ್ಲಿ ಅಲ್ಲಿನ ಕೊಲ್ಲಿಯ ಮೇಲಿನ ದೊಡ್ಡ ರಸ್ತೆ ಸೇತುವೆಯ ಒಂದು ಭಾಗ ಕುಸಿದು ಸೇತುವೆ ಒಂದು ತಿಂಗಳು ಮುಚ್ಚಿತು. ಅದೇ ಕೊಲ್ಲಿಯ ತಳದಲ್ಲಿ ಹಾಕಿದ್ದ ರೈಲು ಸುರಂಗಕ್ಕೆ ಏನೂ ಆಗಿರಲಿಲ್ಲ. ಅದರಲ್ಲಿ ಓಡುವ ಬಾರ್ಟ್ ಎಂಬ ನಗರ ರೈಲುಗಳನ್ನು ಹಗಲುರಾತ್ರಿ ಓಡಿಸಿದರು, ನಿಂತುಹೋಗಿದ್ದ ದೋಣಿ ಸಂಚಾರವನ್ನು ಮತ್ತೆ ಆರಂಭಿಸಿದರು. ಹಳೆಯ ಸೇತುವೆಯ ಪಕ್ಕ ಅಂಥದ್ದೇ ಇನ್ನೊಂದು ಸೇತುವೆ ಇದ್ದಿದ್ದರೆ ಎರಡೂ ಒಟ್ಟಿಗೆ ಮುಚ್ಚುತ್ತಿದ್ದವೋ ಏನೋ.

ಮನೆಬಾಗಿಲಿನ ರೈಲು

ನಮಗೆ ಆ ಎರಡನೆಯ ದಾರಿ ಆಗಲೇ ಇದೆ. ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಇಲ್ಲಿನ 1,507 ಮೀಟರ್ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದವಾದದ್ದು ಎಂದು ಹೆಮ್ಮೆಪಡುತ್ತೇವೆ. ಧಾರವಾಡಕ್ಕೆ ಜೋಡಿ ಹಳಿ, ದೂರ ಸುಮಾರು 20 ಕಿಲೋಮೀಟರ್, ನಡುವೆ ಉಣಕಲ್, ಅಮರಗೋಳ, ನವಲೂರು ನಿಲ್ದಾಣಗಳು. ಮೀಸಲಿಲ್ಲದ ಒಂದು ಬೋಗಿಯಲ್ಲಿ ತೊಂಬತ್ತರಷ್ಟು ಸೀಟುಗಳಿರುತ್ತವೆ. ಹತ್ತು ಬೋಗಿಯ ಒಂದು ರೈಲು ಎಂದರೆ ಒಂಬೈನೂರು ಜನ ಕುಳಿತೇ ಹೋಗಬಹುದು. ಮೇಲಿನ ಲೆಕ್ಕದಲ್ಲಿ ಗಂಟೆಗೆ ನಿಲ್ದಾಣದಲ್ಲಿ ಉಳಿದವರ ಸಂಖ್ಯೆಯೂ ಅಷ್ಟೇ. ಗಂಟೆಗೊಂದು ರೈಲು ಚಿಗರಿಯ ಕೆಟ್ಟ ದಿನದ ಕೊರತೆಯನ್ನು ತುಂಬಬಲ್ಲದು.

ಅಡ್ಡಿಗಳಿವೆ. ಇಲ್ಲಿನ ರೈಲುಗಳ ವೇಳೆಯನ್ನು ಬೆಂಗಳೂರು, ಮೀರಜ, ವಾಸ್ಕೊ ನೋಡಿಕೊಂಡು ಇಡಲಾಗಿದೆ, ವಿದ್ಯಾಗಿರಿಯ ಕಾಲೇಜು ಆರಂಭವಾಗುವ ಹೊತ್ತು ನೋಡಿಕೊಂಡಲ್ಲ. ನಡುವಿನ ಚಿಕ್ಕ ನಿಲ್ದಾಣಗಳಲ್ಲಿ ನಿಲ್ಲುವ ರೈಲುಗಳು ಬೆರಳೆಣಿಕೆಯಷ್ಟು. ಸರಕು ರೈಲುಗಳಿಗೂ ಇದೇ ಹಳಿ. ನಿಲ್ದಾಣದಿಂದ ವಸತಿ ಬಡಾವಣೆಗೆ ಕೂಡು ಬಸ್ ಸರಿಯಾಗಿಲ್ಲ. ಅಲ್ಲದೆ ಆಪತ್ತಿನ ದಿನ ಬೆಳಿಗ್ಗೆ ಫೋನ್ ಮಾಡಿ ಒಂದು ರೈಲು ಕಳುಹಿಸಿ ಎಂದರೆ ಬರುವುದಿಲ್ಲ. ಬೋಗಿ, ಲೋಕೊ ಪೈಲಟ್, ಹಳಿಯಲ್ಲಿ ಬಿಡುವು ಎಲ್ಲವೂ ಮೊದಲೇ ಗೊತ್ತುಪಡಿಸಿದ್ದರೆ ಮಾತ್ರ ಬರುತ್ತದೆ. ಹಾಗಾಗಿ ಬೆಳಿಗ್ಗೆ, ಸಂಜೆ ಒಂದೆರಡು ಸ್ಥಳೀಯ ರೈಲು ದಿನವೂ ಓಡುತ್ತಿರಬೇಕು, ಅರ್ಧ ಖಾಲಿ ಓಡಿದರೂ ಸರಿ. ದಿನವೂ ಓಡುವುದನ್ನು ಒಂದು ದಿನ ಹೆಚ್ಚಿಸಬಹುದು. ಓಡದೇ ಇರುವುದನ್ನು ಹೆಚ್ಚಿಸುವುದು ಹೇಗೆ?

ಇಲ್ಲಿಗೆ ಬರುವುದು ಹಳೆಯ ಜಗಳ. ಚಿಗರಿ ಬಂದಾಗ ಬೇಂದ್ರೆ ಬಸ್‌ಗಳು ಅದರ ಪ್ರಯಾಣಿಕರನ್ನು ಕಸಿಯುತ್ತವೆ, ಅವುಗಳ ಪರವಾನಗಿ ಏಕೆ ಎಂಬ ಪ್ರಶ್ನೆ ಎದ್ದಿತು. ಎರಡು ಊರುಗಳ ನಡುವಿನ ಸಾಮಾನ್ಯ ನಗರ ಸಾರಿಗೆ ಬಸ್‌ಗಳೂ ಕಡಿಮೆಯಾದವು. ಕಡತದ ಭಾಷೆಯಲ್ಲಿ ಇವೆಲ್ಲ ಪುನರಾವರ್ತನೆ: ಒಂದೇ ಮಾರ್ಗಕ್ಕೆ ಎರಡೆರಡು ಸೇವೆ, ಹಣ ಪೋಲು. ಸಾವಿರ ಕೋಟಿಗೆ ಹತ್ತಿರದ ಹಣ ಹಾಕಿ ಮಾಡಿದ ವ್ಯವಸ್ಥೆಗೆ ಪ್ರಯಾಣಿಕರು ಸಿಗಲಿ ಎನ್ನುವ ವಾದದಲ್ಲಿ ತಿರುಳಿದೆ. ಖಾಸಗಿ ಬಸ್‌ಗಳು ಎಲ್ಲೆಂದರಲ್ಲಿ ನಿಲ್ಲುವುದನ್ನು, ಪೈಪೋಟಿಗೆ ಬಿದ್ದು ಓಡುವುದನ್ನು ಸಮರ್ಥಿಸಬೇಕಾಗಿಯೂ ಇಲ್ಲ. ಆದರೆ ಶಿಸ್ತಿಗೆ ತರುವುದು ಬೇರೆ, ಅಳಿಸಿಹಾಕುವುದು ಬೇರೆ. ಸರ್ಕಾರಿ ನೌಕರರ ಮುಷ್ಕರಕ್ಕೆ ಸಿಗದೆ ಓಡಬಲ್ಲ, ರಸ್ತೆ ಬದಿಯಲ್ಲಿ ಜನರನ್ನು ಹತ್ತಿಸಿಕೊಳ್ಳಬಲ್ಲ ಏಕೈಕ ದೊಡ್ಡ ವಾಹನ ಅದು. ಅದರ ವೆಚ್ಚವನ್ನು ಒಳ್ಳೆಯ ದಿನಗಳ ಗಳಿಕೆಯಿಂದ ಮಾತ್ರ ಅಳೆದರೆ ಲೆಕ್ಕ ತಪ್ಪುತ್ತದೆ.

ದಾರಿ ಇದ್ದರೆ ಸಾಲದು

ಜಪಾನಿನಲ್ಲಿ ಒಂದು ಪದ್ಧತಿ ಇದೆ. ಟೋಕಿಯೊದ ಒಂದು ಕಂಪನಿಯ ರೈಲು ನಿಂತರೆ, ಆ ಮಾರ್ಗಕ್ಕೆ ಪಾಸು ಅಥವಾ ಟಿಕೆಟ್ ಹೊಂದಿದವರು ಬೇರೆ ಕಂಪನಿಯ ರೈಲಿನಲ್ಲಿ ಹೆಚ್ಚು ಹಣ ಕೊಡದೆ ಹೋಗಬಹುದು. ಕಂಪನಿಗಳು ಆಮೇಲೆ ತಮ್ಮತಮ್ಮಲ್ಲಿ ಲೆಕ್ಕ ತೀರಿಸಿಕೊಳ್ಳುತ್ತವೆ. ನಿತ್ಯ ಪೈಪೋಟಿ ನಡೆಸುವ ಕಂಪನಿಗಳು ಇವು ಎನ್ನುವುದನ್ನು ಮರೆಯಬಾರದು.

ನಮ್ಮಲ್ಲಿ ಇದೇ ಕೊರತೆ. ಚಿಗರಿ ಪಾಸ್ ಇರುವ ವಿದ್ಯಾರ್ಥಿ ಚಿಗರಿ ನಿಂತ ದಿನ ಬೇಂದ್ರೆ ಬಸ್ ಹತ್ತಿದರೆ ಕೈಯಿಂದ ಕೊಡಬೇಕು, ರೈಲು ಹತ್ತಿದರೆ ಬೇರೆ ಟಿಕೆಟ್ ತೆಗೆಯಬೇಕು. ದಿನದ ಕೂಲಿಗೆ ಹೋಗುವವರಿಗೆ ಅದು ಸಣ್ಣ ಮೊತ್ತವಲ್ಲ. ಹಳಿ ಹಾಕದೆ, ಬಸ್ ಕೊಳ್ಳದೆ, ಒಂದು ಒಪ್ಪಂದದಿಂದ ಸಿಗಬಹುದಾದ ಬದಲಿ ಸಾಮರ್ಥ್ಯ ಇದು. ಪಾಸ್ ತೋರಿಸಿದವರ ಲೆಕ್ಕವನ್ನು ಬರೆದುಕೊಂಡು ತಿಂಗಳ ಕೊನೆಗೆ ತೀರಿಸಿಕೊಳ್ಳುವುದು ಈಗಿನ ಕ್ಯೂಆರ್ ಕಾಲದಲ್ಲಿ ಅಸಾಧ್ಯದ ಮಾತೇನಲ್ಲ.

ಇನ್ನು ಸುದ್ದಿ. ಬೇರೆ ದಾರಿ ಇದ್ದರೂ ಜನರಿಗೆ ಗೊತ್ತಿಲ್ಲದಿದ್ದರೆ ಇಲ್ಲದಂತೆಯೇ. 2014ರ ಫೆಬ್ರುವರಿಯಲ್ಲಿ ಲಂಡನ್ನಿನ ಸುರಂಗ ರೈಲು ನೌಕರರು ಮುಷ್ಕರ ಮಾಡಿದಾಗ ಹಲವು ನಿಲ್ದಾಣಗಳು ಮುಚ್ಚಿದ್ದವು. ಪ್ರಯಾಣದ ಕಾರ್ಡುಗಳ ದತ್ತಾಂಶವನ್ನು ನಂತರ ಅರ್ಥಶಾಸ್ತ್ರಜ್ಞರು ಪರಿಶೀಲಿಸಿದಾಗ ಒಂದು ವಿಚಿತ್ರ ಕಂಡಿತು. ಮುಷ್ಕರದಿಂದಾಗಿ ಬೇರೆ ದಾರಿ ಹಿಡಿದವರಲ್ಲಿ ಸುಮಾರು ಶೇಕಡಾ 5ರಷ್ಟು ಜನ ಮುಷ್ಕರ ಮುಗಿದ ಮೇಲೂ ಹಳೆಯ ದಾರಿಗೆ ಮರಳಲಿಲ್ಲ. ಅವರಿಗೆ ಹೆಚ್ಚು ಅನುಕೂಲದ ದಾರಿ ಅಷ್ಟು ದಿನವೂ ಪಕ್ಕದಲ್ಲೇ ಇತ್ತು, ಅನಿವಾರ್ಯವಾಗುವವರೆಗೆ ಕಣ್ಣಿಗೆ ಬಿದ್ದಿರಲಿಲ್ಲ. ಮುಷ್ಕರ ಒಳ್ಳೆಯದು ಎಂದು ಇದರ ಅರ್ಥವಲ್ಲ, ಹಾಗೆ ವಾದಿಸುವ ಅರ್ಥಶಾಸ್ತ್ರಜ್ಞರು ಸಿಕ್ಕೇ ಸಿಗುತ್ತಾರೆ ಎನ್ನುವುದು ಬೇರೆ ಮಾತು.

ಗದಗಿನಿಂದ ಬೆಳಗಿನ ಬಸ್ ಹಿಡಿದು ಹುಬ್ಬಳ್ಳಿಯ ಹೊಸೂರು ನಿಲ್ದಾಣದಲ್ಲಿ ಇಳಿದು, ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೊರಟ ಕಕ್ಷಿದಾರನನ್ನು ತೆಗೆದುಕೊಳ್ಳಿ. ಜುಬಿಲಿ ವೃತ್ತದಲ್ಲಿ ಧರಣಿ ನಡೆದು ಚಿಗರಿ ಅರ್ಧಕ್ಕೇ ತಿರುಗುತ್ತಿದೆ ಎನ್ನುವುದು ಅವನಿಗೆ ಹೊಸೂರಿನಲ್ಲೇ ತಿಳಿದರೆ ಬೈಪಾಸ್ ಮೇಲೆ ಹೋಗುವ ದೂರದ ಬಸ್ ಹಿಡಿಯಬಹುದು, ರೈಲು ನಿಲ್ದಾಣಕ್ಕೆ ಹೋಗಬಹುದು. ನವನಗರದಲ್ಲಿ ತಿಳಿದರೆ ಅಷ್ಟರಲ್ಲಿ ಅವನ ಮುಂದೆ ಉಳಿದಿರುವುದು ಆಟೊ ಒಂದೇ. ನಿಲ್ದಾಣದ ಫಲಕದಲ್ಲಿ, ಧ್ವನಿವರ್ಧಕದಲ್ಲಿ ಹೇಳಬೇಕಾದದ್ದು ‘ತಾಂತ್ರಿಕ ಕಾರಣದಿಂದ ವಿಳಂಬ’ ಎಂದಲ್ಲ. ಎಲ್ಲಿಯವರೆಗೆ ಬಸ್ ಹೋಗುತ್ತದೆ, ಅಲ್ಲಿಂದ ಮುಂದೆ ಯಾವುದು ಸಿಗುತ್ತದೆ, ಎಷ್ಟು ಹೊತ್ತು ಹೀಗೆ ಇರಬಹುದು. ಮೂರೇ ಸಂಗತಿ.

‘ಅರ್ಧಕ್ಕೇ ತಿರುಗುವುದು’ ಎಂದೆ. ಇದು ಬಹಳ ಮುಖ್ಯ ಉಪಾಯ. ಸಿಂಗಪುರದಲ್ಲಿ 2024ರ ಸೆಪ್ಟೆಂಬರ್ 25ರಂದು ಹಳೆಯ ರೈಲೊಂದರ ಚಕ್ರದ ಬಳಿಯ ಭಾಗ ಕಳಚಿಬಿದ್ದು, ಎರಡೂವರೆ ಕಿಲೋಮೀಟರ್‌ನಷ್ಟು ಹಳಿಗೆ ಹಾನಿಯಾಗಿ, ಪೂರ್ವ–ಪಶ್ಚಿಮ ಮಾರ್ಗದ ಒಂದು ಭಾಗ ಆರು ದಿನ ಬಂದ್ ಆಯಿತು. ಅವರು ಇಡೀ ಮಾರ್ಗವನ್ನು ನಿಲ್ಲಿಸಲಿಲ್ಲ. ಹಾನಿಯಾದ ಭಾಗದ ಎರಡೂ ಕಡೆಯಿಂದ ರೈಲು ತಿರುಗಿಸಿದರು, ನಡುವಿನ ಭಾಗಕ್ಕೆ ಮಾತ್ರ ಉಚಿತ ಬಸ್ ಹಾಕಿದರು. ಬಸ್ ತುಂಬಬೇಕಾದ ಕಂದಕ ಚಿಕ್ಕದಾದಷ್ಟೂ ಬೇಕಾಗುವ ಬಸ್ ಕಡಿಮೆ. ಸುತ್ತಿನ ಸಮಯದ ಲೆಕ್ಕವೇ ಇಲ್ಲಿಯೂ. ಚಿಗರಿಗೆ ಇದನ್ನು ಮಾಡಬೇಕಾದರೆ ಪಥದ ಬೇಲಿಯಲ್ಲಿ ಒಂದೆರಡು ಕಿಲೋಮೀಟರಿಗೊಮ್ಮೆ ಬಸ್ ಹೊರಬರಲು, ತಿರುಗಲು ಬೀಗ ಹಾಕಿದ ಗೇಟು ಇರಬೇಕು. ಅದರ ಕೀಲಿ ಯಾರ ಬಳಿ ಇದೆ ಎನ್ನುವುದು ರಾತ್ರಿ ಪಾಳಿಯವರಿಗೂ ಗೊತ್ತಿರಬೇಕು. ಎಳೆದೊಯ್ಯುವ ವಾಹನವನ್ನು ಒಂದು ತುದಿಯ ಡಿಪೋದಲ್ಲಿ ನಿಲ್ಲಿಸುವ ಬದಲು ನವನಗರದಂಥ ನಡುವಿನ ಜಾಗದಲ್ಲಿ ನಿಲ್ಲಿಸಿದರೆ ಯಾವ ಕಡೆಗೂ ಬೇಗ ಮುಟ್ಟುತ್ತದೆ.

ಯೋಜಿತ ನಿಲುಗಡೆಗಳಿಗೆ ಇಷ್ಟು ಬುದ್ಧಿ ಓಡಿಸಬೇಕಾಗಿಲ್ಲ, ಮೊದಲೇ ಹೇಳಿದರೆ ಸಾಕು. 2025ರಲ್ಲಿ ಚನ್ನಮ್ಮ ವೃತ್ತದ ಮೇಲ್ಸೇತುವೆ ಕಾಮಗಾರಿಗಾಗಿ ಹುಬ್ಬಳ್ಳಿಯ ಹಳೆ ಬಸ್ ನಿಲ್ದಾಣದ ಸುತ್ತಲಿನ ರಸ್ತೆಯನ್ನು ತಿಂಗಳುಗಟ್ಟಲೆ ಮುಚ್ಚಿದಾಗ ಬಸ್‌ಗಳನ್ನು ಹೊಸೂರು ಕಡೆಗೆ ತಿರುಗಿಸಿದ್ದರು. ಮೊದಲ ವಾರ ಗೊಂದಲ, ಆಮೇಲೆ ಜನ ಹೊಂದಿಕೊಂಡರು.

ಮುಂದಿನ ಯೋಜನೆಗೆ ಕೇಳಬೇಕಾದ್ದು

ಈಗ ಚಿಗರಿ ಪಥದಲ್ಲಿ ಇ-ಆರ್‌ಟಿ, ಅಂದರೆ ಹಲವು ಡಬ್ಬಿಗಳನ್ನು ಜೋಡಿಸಿದ ಉದ್ದನೆಯ ವಿದ್ಯುತ್ ಬಸ್ ಓಡಿಸುವ ಪ್ರಸ್ತಾವ ಚರ್ಚೆಯಲ್ಲಿದೆ. ಹೊಗೆ ಇಲ್ಲ, ಒಂದೇ ವಾಹನದಲ್ಲಿ ಇನ್ನೂರಕ್ಕೂ ಹೆಚ್ಚು ಜನ, ಚಾಲಕರು ಕಡಿಮೆ ಸಾಕು. ಇವೆಲ್ಲ ಒಳ್ಳೆಯ ಮಾತುಗಳೇ. ಆದರೆ ವಾಹನ ದೊಡ್ಡದಾಗಿ ಸಂಖ್ಯೆ ಇಳಿದಷ್ಟೂ ಪ್ರತಿ ವಾಹನದ ಕೆಡುಕು ದೊಡ್ಡದಾಗುತ್ತದೆ. ಎಂಬತ್ತರಲ್ಲಿ ಒಂದು ಬಸ್ ನಿಂತರೆ ಗೊತ್ತೇ ಆಗುವುದಿಲ್ಲ, ಇಪ್ಪತ್ತರಲ್ಲಿ ಒಂದು ನಿಂತರೆ ಶೇಕಡಾ 5ರಷ್ಟು ಸಾಮರ್ಥ್ಯ ಹೋಗುತ್ತದೆ. ಬೆಂಗಳೂರಿನ ಹಳದಿ ಮೆಟ್ರೊ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾದಾಗ ಅದರ ಬಳಿ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು ಓಡಾಟ. ಅಂಥ ಸ್ಥಿತಿಯಲ್ಲಿ ಒಂದು ರೈಲು ಕೈಕೊಟ್ಟರೆ ಮೂರರಲ್ಲೊಂದು ಪಾಲು ಮಾರ್ಗವೇ ಇಲ್ಲವಾದಂತೆ.

ಜೊತೆಗೆ ವಿದ್ಯುತ್ತಿನ ಪ್ರಶ್ನೆ. ಡೀಸೆಲ್ ಬಸ್ಸಿಗೆ ಮಳೆಗಾಳಿಗೆ ಕರೆಂಟ್ ಹೋದರೂ ಲಕ್ಷ್ಯವಿಲ್ಲ. ನಿಲ್ದಾಣದಲ್ಲಿ ಚಾರ್ಜ್ ಮಾಡಿಕೊಳ್ಳುವ ವಾಹನಕ್ಕೆ ಹಾಗಲ್ಲ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗದಲ್ಲಿ ವಿದ್ಯುತ್ ಜಾಲ ಕುಸಿದಾಗ ನ್ಯೂಯಾರ್ಕ್‌ನ ಸುರಂಗ ರೈಲುಗಳೆಲ್ಲ ಇದ್ದಲ್ಲೇ ನಿಂತವು, ಜನ ಸೇತುವೆಗಳ ಮೇಲೆ ನಡೆದು ಮನೆಗೆ ಹೋದರು. ಹೊಸ ವಾಹನಕ್ಕೆ ಎರಡು ಬೇರೆ ಬೇರೆ ವಿದ್ಯುತ್ ಉಪಕೇಂದ್ರಗಳಿಂದ ಸಂಪರ್ಕ ಇರುತ್ತದೆಯೇ? ಚಾರ್ಜ್ ಸಿಗದಿದ್ದರೆ ಎಷ್ಟು ಕಿಲೋಮೀಟರ್ ಓಡೀತು? ಅದು ಪಥದಿಂದ ಹೊರಬಂದು ಸಾಮಾನ್ಯ ರಸ್ತೆಯಲ್ಲಿ ತಿರುಗಬಲ್ಲದೇ? ಈಗಿನ ಚಿಗರಿ ಬಸ್‌ಗಳಲ್ಲಿ ಚೆನ್ನಾಗಿರುವ ಇಪ್ಪತ್ತನ್ನಾದರೂ ಹರಾಜಿಗೆ ಕಳುಹಿಸದೆ, ಚಾಲಕರ ಸಹಿತ ಇಟ್ಟುಕೊಳ್ಳುತ್ತಾರೆಯೇ? ಯೋಜನಾ ವರದಿಯಲ್ಲಿ ವೇಗ, ವೆಚ್ಚ, ಪ್ರಯಾಣಿಕರ ಅಂದಾಜಿಗೆ ನೂರಾರು ಪುಟಗಳು ಇರುತ್ತವೆ. ಸೇವೆ ನಿಂತ ಬೆಳಿಗ್ಗೆ ನವಲೂರಿನ ನಿಲ್ದಾಣದಲ್ಲಿ ನಿಂತವರು ಯಾವುದನ್ನು ಹತ್ತಬೇಕು ಎನ್ನುವುದಕ್ಕೆ ಎಷ್ಟು ಪುಟ ಮೀಸಲಿಟ್ಟಿದ್ದಾರೆ ಎಂದು ಸಾರ್ವಜನಿಕ ಸಭೆಯಲ್ಲಿ ಕೇಳಬೇಕು, ಉತ್ತರವನ್ನು ಲಿಖಿತವಾಗಿ ಪಡೆಯಬೇಕು.